ಪಾತ್ರೆ ತಿಕ್ಕುವ ಸ್ತ್ರೀಯ ಚಿತ್ರ

ಚಿತ್ರವೆಂದರೆ ಅರಸರದು ಇಲ್ಲವೆ ಯುದ್ಧಗಳದು ಆಗಿರಬೇಕೆಂದು ಎಣಿಸುವವರು ನಮ್ಮಲ್ಲಿ ಅನೇಕರುಂಟು. ಮಡಕೆ, ಪೊರಕೆ, ಒಲೆ ಇವುಗಳನ್ನು ಬರೆಯುವದೇತಕ್ಕೆ ಎಂದು ಅವರು ಕೇಳುವರು. ಹಾಲೆಂಡ್ ದೇಶದ ವಿನ್ಸೆಂಟ್ ವಾನ್ ಗೋಗ್ ಎಂಬ ಚಿತ್ರಗಾರನ ಕೆಲಸವನ್ನು ಈ ಪಾಠದಲ್ಲಿ ವಿಚಾರಿಸುವ.

ಆತನು 1853ರಲ್ಲಿ ಒಬ್ಬ ಸಭಾಪಾಲಕರ ಮಗನಾಗಿ ಹುಟ್ಟಿದನು. 1879ರಲ್ಲಿ ಬೆಲ್ಜಿಯಮ್ ದೇಶದ ಬೊರಿನಾಜ್ ಎಂಬ ಕಲ್ಲಿದ್ದಲ ಗಣಿಗಳ ಸೀಮೆಯಲ್ಲಿ ಉಪದೇಶಿಯಾಗಿ ಸೇವೆಮಾಡಿ, ತನ್ನ ಬಟ್ಟೆಗಳನ್ನೂ ಬಡವರಿಗೆ ಕೊಟ್ಟುಬಿಟ್ಟನು. ಆದರೆ ಆರು ತಿಂಗಳಾದ ಮೇಲೆ, ಪ್ರಸಂಗಿಸುವ ಸಾಮರ್ಥ್ಯವು ಸಾಲದೆಂದು ಮೇಲಿನವರು ಅವನನ್ನು ಮುಂದುವರಿಸಲಿಲ್ಲ. (ಉಪದೇಶಿಗಳಾದ ನಮಗೆ ಇದನ್ನೋದುವಾಗ ಸ್ವಲ್ಪ ಭಯವಾಗದಿರುವದಿಲ್ಲ.) 1880ರಲ್ಲಿ ಆತನು ಚಿತ್ರಕಲೆಯನ್ನು ಕೈಕೊಂಡನು. ಮರುವರ್ಷ ತಂದೆಯ ಮನೆಯಲ್ಲಿದ್ದಾಗ, ಬಟ್ಟೆ ಹೊಲಿಯುವವಳನ್ನೂ ಆಲೂಗಡ್ಡೆ ಸುಲಿಯುವವಳನ್ನೂ ಬೆಣ್ಣೆ ಕಡೆಯುವವಳನ್ನೂ ಬರೆದನು.

1885ರಲ್ಲಿ ನ್ಯೂನೆನ್ ಎಂಬ ಹಳ್ಳಿಯಲ್ಲಿ, ಐದು ಮಂದಿ ದೀಪದ ಕೆಳಗೆ ಕೂತು ಆಲೂಗಡ್ಡೆ ಉಣ್ಣುವದನ್ನೂ ಒಬ್ಬ ಸ್ತ್ರೀಯು ಕಾಫಿ ಹೊಯ್ಯುವದನ್ನೂ ಚಿತ್ರಿಸಿದನು. ಅದರ ಕಲ್ಲಚ್ಚಿನ ಪ್ರತಿಯನ್ನು ಕಂಡ ಸ್ನೇಹಿತನಾದ ರಾಪ್ಪಾರ್ಡನು, ಹಿಂದಿರುವ ಸ್ತ್ರೀಯ ಕೈ ನಿಜವಾಗಿಲ್ಲವೆಂದು ಕಠಿಣವಾಗಿ ಬರೆದನು. ವಾನ್ ಗೋಗನು ಬಹಳ ಸಿಟ್ಟುಗೊಂಡನು. ಆದಾಗ್ಯೂ ಆ ಬೇಸಿಗೆಯಲ್ಲೆಲ್ಲಾ ಹಳ್ಳಿಯವರ ದುಡಿಮೆಯನ್ನೇ ದೊಡ್ಡ ಕಾಗದಗಳ ಮೇಲೆ ಬರೆಯುತ್ತಾ ಬಂದನು. ಗಡಿಗೆಯನ್ನು ತಿಕ್ಕುವವಳು, ನೆಲ ಗುಡಿಸುವವಳು, ಒಲೆಯ ಬಳಿಯಲ್ಲಿರುವವಳು ಇವರೇ ಅವುಗಳಲ್ಲಿ ಹಲವು. ಬಗ್ಗಿದ ಬೆನ್ನನ್ನೂ ದಪ್ಪವಾದ ತೋಳನ್ನೂ ನೋಡಿರಿ! ಅಂದವಾಗಿ ಕಾಣಲೆಂದು ಆತನು ಏನನ್ನೂ ತಿದ್ದಲಿಲ್ಲ. ನಮ್ಮ ಮನೆಗಳಲ್ಲಿ ಬೂದಿಯಿಂದ ಪಾತ್ರೆ ಬೆಳಗಿದವರಿಗೆ ಆ ಸೊಂಟದ ನೋವು ಹೇಳದೆ ತಿಳಿಯುವದು. ತಿಳಿಯದಿರುವದು ಉಂಡು ಎದ್ದುಹೋಗುವ ಗಂಡಸರಾದ ನಮಗೇ.

ಮತ್ತೊಂದು ಸಂಗತಿಯುಂಟು. ಚಿತ್ರಕ್ಕಾಗಿ ನಿಂತವರಿಗೆ ಆತನು ಕೂಲಿ ಕೊಡುತ್ತಿದ್ದನು. ತನ್ನ ಮನೆಯ ಗಡಿಗೆಯನ್ನು ತಿಕ್ಕಿದ್ದಕ್ಕೆ ಒಬ್ಬಳಿಗೆ ಹಣ ಸಿಕ್ಕಿದ್ದು ಬಹುಶಃ ಅದೊಂದೇ ಸಾರಿ. ಆದರೆ ಆ ವರ್ಷವೇ ಊರಿನ ಕಥೋಲಿಕ ಪಾದ್ರಿಯು, ಅವನ ಮುಂದೆ ನಿಲ್ಲಬಾರದೆಂದು ತನ್ನ ಸಭೆಯವರಿಗೆ ಅಪ್ಪಣೆಮಾಡಿ, ನಿಲ್ಲದವರಿಗೆ ಹಣವನ್ನೂ ಕೊಡುವೆನೆಂದನು. ಹೀಗೆ ಸ್ತ್ರೀಯರು ಬರುವದು ನಿಂತುಹೋಗಲು, ಆತನು ಸೆಪ್ಟೆಂಬರ್ ತಿಂಗಳಲ್ಲಿ ತಾಮ್ರದ ಪಾತ್ರೆಯನ್ನೂ ಮಣ್ಣಿನ ಬೋಗುಣಿಯನ್ನೂ ಬುಟ್ಟಿ ತುಂಬ ಆಲೂಗಡ್ಡೆಗಳನ್ನೂ ಮುಂದಿಟ್ಟುಕೊಂಡು ಚಿತ್ರಿಸತೊಡಗಿದನು.