ಹೊಸ ಬ್ರೇಕ್ ಏಕೆ ಕಿರುಚುತ್ತದೆ?

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಘರ್ಷಣೆಯ ಪಾಠವನ್ನು ನಾವೆಲ್ಲರೂ ಓದಿದ್ದೇವೆ. ಸ್ಥಾಯಿ ಘರ್ಷಣೆ, ಚಲನ ಘರ್ಷಣೆ, ಘರ್ಷಣಾಂಕ ಎಂದೆಲ್ಲ ಕಂಠಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೆಯುತ್ತೇವೆ. ಆದರೆ ಅದೇ ಪಾಠ ಪ್ರತಿದಿನ ಬೆಳಿಗ್ಗೆ ಕಾಲೇಜಿನ ಗೇಟಿನ ಮುಂದೆ ಕಾರುಗಳು ನಿಧಾನವಾಗುವಾಗ ‘ಕೀಂ...’ ಎಂದು ನಮ್ಮ ಕಿವಿಗೆ ಬೀಳುತ್ತದೆ. ವಿಚಿತ್ರವೆಂದರೆ, ಎಷ್ಟೋ ಕಾರುಗಳಲ್ಲಿ ಹಳೆಯ ಬ್ರೇಕ್ ಸುಮ್ಮನಿರುತ್ತದೆ, ಹೊಸದು ಹಾಕಿಸಿದ ಮೇಲೆಯೇ ಸದ್ದು ಶುರುವಾಗುತ್ತದೆ. ದುಡ್ಡು ಕೊಟ್ಟು ಸದ್ದು ಕೊಂಡು ತಂದ ಹಾಗೆ! ಈ ಸದ್ದು ಎಲ್ಲಿಂದ ಬರುತ್ತದೆ, ಯಾವಾಗ ಅದಕ್ಕೆ ಹೆದರಬೇಕು, ಯಾವಾಗ ಬೇಡ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಬ್ರೇಕ್ ಮಾಡುವ ಕೆಲಸ

ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇರುತ್ತದೆ. ಚಕ್ರದ ಜೊತೆ ತಿರುಗುವ ಬೀಡುಕಬ್ಬಿಣದ ತಟ್ಟೆಯೇ ಡಿಸ್ಕ್. ಅದರ ಎರಡೂ ಬದಿಗೆ ಒಂದೊಂದು ಪ್ಯಾಡ್. ಇವೆರಡನ್ನು ಹಿಡಿದುಕೊಂಡಿರುವ ಇಕ್ಕಳದಂಥ ಭಾಗವೇ ಕ್ಯಾಲಿಪರ್. ನಾವು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್‌ನ ಒತ್ತಡ ಕ್ಯಾಲಿಪರ್‌ನ ಪಿಸ್ಟನ್ನನ್ನು ತಳ್ಳುತ್ತದೆ, ಪ್ಯಾಡ್‌ಗಳು ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತವೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಪ್ರಯಾಣಿಕರೂ ಸೇರಿ 1,200 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನಿ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಅದರ ಚಲನ ಶಕ್ತಿ 2,40,000 ಜೂಲ್. ಅದೇ ಕಾರು ಅರ್ಧ ವೇಗದಲ್ಲಿದ್ದರೆ ಬರೀ 60,000 ಜೂಲ್. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಕಾರು ನಿಲ್ಲಬೇಕಾದರೆ ಈ ಶಕ್ತಿಯ ಬಹುಪಾಲು ಬ್ರೇಕಿನಲ್ಲಿ ಉಷ್ಣವಾಗಿ ಬದಲಾಗಬೇಕು. 2,40,000 ಜೂಲ್ ಉಷ್ಣದಿಂದ ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಸುಮಾರು 87 ಡಿಗ್ರಿಗೆ ಬಿಸಿ ಮಾಡಬಹುದು. ಒಂದೇ ಒಂದು ಸಲ ಬ್ರೇಕ್ ಹಾಕಿದಾಗ ಹುಟ್ಟುವ ಉಷ್ಣ ಇಷ್ಟು! ಈ ಶಕ್ತಿಯಲ್ಲಿ ಬಹಳ ಚಿಕ್ಕ ಪಾಲು ಕಂಪನವಾದರೂ ಸಾಕು, ಅದು ರಸ್ತೆಯ ತುಂಬ ಕೇಳಿಸುತ್ತದೆ.

ಸದ್ದು ಹುಟ್ಟುವ ಬಗೆ

ಇದನ್ನು ಅರ್ಥಮಾಡಿಕೊಳ್ಳಲು ಕಾರು ಬೇಡ, ಕಪ್ಪು ಹಲಗೆ ಸಾಕು. ಸೀಮೆಸುಣ್ಣವನ್ನು ಗೆರೆಯೆಳೆಯುವ ದಿಕ್ಕಿಗೆ ಎದುರಾಗಿ ಓರೆಯಾಗಿ ಹಿಡಿದು ಎಳೆದು ನೋಡಿ. ಅದು ಕಿರುಚುವುದಷ್ಟೇ ಅಲ್ಲ, ಗೆರೆಯ ಬದಲು ಚುಕ್ಕೆಗಳ ಸಾಲು ಮೂಡುತ್ತದೆ. ಸೀಮೆಸುಣ್ಣ ಒಂದು ಕ್ಷಣ ಹಲಗೆಗೆ ಅಂಟಿ ನಿಲ್ಲುತ್ತದೆ, ಕೈಯ ಬಲ ಹೆಚ್ಚಿದಾಗ ಥಟ್ಟನೆ ಜಾರುತ್ತದೆ, ಮತ್ತೆ ಅಂಟುತ್ತದೆ. ಕಾರಣ ನಮ್ಮ ಪಾಠದಲ್ಲೇ ಇದೆ: ಸ್ಥಾಯಿ ಘರ್ಷಣೆಯ ಗರಿಷ್ಠ ಬಲ ಚಲನ ಘರ್ಷಣೆಗಿಂತ ಹೆಚ್ಚು. ಹಿಡಿಯುವಾಗ ಬಿಗಿ, ಜಾರುವಾಗ ಸಡಿಲ. ಈ ‘ಅಂಟು–ಜಾರು’ ಆಟ ಸೆಕೆಂಡಿಗೆ ಸಾವಿರಾರು ಸಲ ನಡೆದರೆ ಕಿವಿಗೆ ಕಿರುಚಾಟವಾಗಿ ಕೇಳುತ್ತದೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡುವುದೂ ಇದನ್ನೇ; ಅಲ್ಲಿ ಅದು ಸಂಗೀತ, ಇಲ್ಲಿ ಕರ್ಕಶ.

ಬ್ರೇಕಿನಲ್ಲೂ ಪ್ಯಾಡ್ ಡಿಸ್ಕಿನ ಮೇಲೆ ಹೀಗೆ ನಡುಗುತ್ತದೆ. ಆ ನಡುಕದ ಆವೃತ್ತಿ ಡಿಸ್ಕ್, ಪ್ಯಾಡ್, ಕ್ಯಾಲಿಪರ್‌ಗಳ ಸಹಜ ಆವೃತ್ತಿಗೆ ಹೊಂದಿಕೊಂಡರೆ ಅನುರಣನ ಉಂಟಾಗಿ ಡಿಸ್ಕ್ ಜಾಗಟೆಯಂತೆ ಮೊಳಗುತ್ತದೆ. ಬ್ರೇಕಿನ ಕಿರುಚಾಟದ ಆವೃತ್ತಿ ಸಾಮಾನ್ಯವಾಗಿ 1,000 ಹರ್ಟ್ಸ್‌ಗಿಂತ ಮೇಲಿರುತ್ತದೆ. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್‌ವರೆಗೆ. ಹಾಗಾಗಿಯೇ ಈ ಸದ್ದು ನಮ್ಮನ್ನು ಇಷ್ಟು ಕಾಡುತ್ತದೆ.

ಹಾಗಾದರೆ ಸದ್ದು ನಿಲ್ಲಿಸಲು ಎರಡೇ ದಾರಿ. ಒಂದು, ಅಂಟು–ಜಾರು ಆಗದಂತೆ ಎರಡೂ ಮೈಗಳನ್ನು ಸಮವಾಗಿ, ಶುಚಿಯಾಗಿ ಇಡುವುದು. ಎರಡು, ಹುಟ್ಟಿದ ಕಂಪನವನ್ನು ಅಲ್ಲಿಯೇ ಹೀರಿಕೊಳ್ಳುವುದು. ಸ್ಟೀಲ್ ತಟ್ಟೆಗೆ ಚಮಚದಿಂದ ಬಡಿದು, ಮೊಳಗುವಾಗ ಬೆರಳಿಟ್ಟು ನೋಡಿ, ತಕ್ಷಣ ಸುಮ್ಮನಾಗುತ್ತದೆ. ಪ್ಯಾಡಿನ ಬೆನ್ನಿಗಿಡುವ ‘ಶಿಮ್’ ಎಂಬ ತೆಳುವಾದ ಹಾಳೆ ಮಾಡುವುದು ಆ ಬೆರಳಿನ ಕೆಲಸವನ್ನೇ.

ಸ್ವಲ್ಪ ಇತಿಹಾಸ

ಈ ತಲೆನೋವು ಡಿಸ್ಕ್ ಬ್ರೇಕಿನಷ್ಟೇ ಹಳೆಯದು. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಅದರಲ್ಲಿ ಲೋಹದ ಡಿಸ್ಕಿಗೆ ತಾಮ್ರ ಉಜ್ಜುತ್ತಿದ್ದುದರಿಂದ ವಿಪರೀತ ಸದ್ದಾಗುತ್ತಿತ್ತು. ಮುಂದೆ ಹರ್ಬರ್ಟ್ ಫ್ರೂಡ್ ಎಂಬವರು ಆಸ್ಬೆಸ್ಟಾಸ್ ಲೈನಿಂಗ್ ತಂದರು. ಸದ್ದು ತಗ್ಗಿತು, ಶಾಖವನ್ನೂ ಅದು ತಡೆದುಕೊಂಡಿತು. ಆದರೆ ಆಸ್ಬೆಸ್ಟಾಸ್ ಧೂಳು ಶ್ವಾಸಕೋಶಕ್ಕೆ ಮಾರಕ, ಕ್ಯಾನ್ಸರ್ ತರುತ್ತದೆ ಎಂದು ಬಹಳ ತಡವಾಗಿ ಜಗತ್ತಿಗೆ ಮನವರಿಕೆಯಾಯಿತು. ಈಗ ಅದರ ಬದಲು ಉಕ್ಕಿನ ಎಳೆ, ಗ್ರಾಫೈಟ್, ರಾಳ, ಸೆರಾಮಿಕ್ ಮುಂತಾದವುಗಳ ಮಿಶ್ರಣದ ಪ್ಯಾಡ್‌ಗಳು ಬಂದಿವೆ. ಉಕ್ಕಿನ ಅಂಶ ಹೆಚ್ಚಿರುವ ಪ್ಯಾಡ್ ಶಾಖ ತಡೆಯುತ್ತದೆ, ಆದರೆ ಸದ್ದು ಸ್ವಲ್ಪ ಜಾಸ್ತಿ.

ಅಬ್ಬನ ಟ್ಯಾಕ್ಸಿಯಲ್ಲಿ ಕಂಡದ್ದು

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ. ನನ್ನ ಅಬ್ಬ ಟ್ಯಾಕ್ಸಿ ಓಡಿಸುತ್ತಾರೆ. ವಾರಕ್ಕೆ ಒಂದೆರಡು ಸಲವಾದರೂ ಪ್ರಯಾಣಿಕರನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುತ್ತಾರೆ. ಕಳೆದ ಮಳೆಗಾಲಕ್ಕೆ ಮುಂಚೆ ಒಂದು ವರ್ಕ್‌ಶಾಪ್‌ನಲ್ಲಿ ಮುಂದಿನ ಪ್ಯಾಡ್‌ಗಳನ್ನು ಬದಲಾಯಿಸಿದರು. ಎರಡು ವಾರದಲ್ಲಿ ಕಿರುಚಾಟ ಶುರುವಾಯಿತು. ಕೇಳಿದರೆ “ಓಡಿಸ್ತಾ ಓಡಿಸ್ತಾ ಸರಿಹೋಗುತ್ತದೆ” ಎಂದರು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮತ್ತೊಬ್ಬರು “ಡಿಸ್ಕಿಗೆ ನಾಲ್ಕು ಹನಿ ಎಣ್ಣೆ ಬಿಡಿ, ಸುಮ್ಮನಾಗುತ್ತದೆ” ಎಂದು ಸಲಹೆ ಕೊಟ್ಟರು.

ನನ್ನ ಮಾಮನಿಗೆ ಚಿಕ್ಕದೊಂದು ಗ್ಯಾರೇಜ್ ಇದೆ. ವಿಷಯ ಕೇಳಿದ ಕೂಡಲೇ, “ಭಾವ, ಎಣ್ಣೆಗಿಣ್ಣೆ ಏನೂ ಮುಟ್ಟಿಸಬೇಡಿ. ಮೊದಲು ಬಿಚ್ಚಿ ನೋಡುವ” ಎಂದರು. ರಜೆಯಾದ್ದರಿಂದ ನಾನೂ ಜೊತೆಗಿದ್ದೆ. ಬಲಚಕ್ರ ಬಿಚ್ಚಿದಾಗ ಮೂರು ವಿಷಯ ಕಂಡವು. ಹೊಸ ಪ್ಯಾಡಿನ ಬೆನ್ನಿಗೆ ಶಿಮ್ ಇರಲೇ ಇಲ್ಲ. ಪ್ಯಾಡನ್ನು ಬಿಗಿಯಾಗಿ ಕೂರಿಸುವ ಕ್ಲಿಪ್‌ಗಳು ಹಳೆಯವು, ತುಕ್ಕು ಹಿಡಿದು ಸಡಿಲವಾಗಿದ್ದವು. ಕ್ಯಾಲಿಪರ್ ಹಿಂದೆ ಮುಂದೆ ಸರಿಯಲು ಇರುವ ಎರಡು ಪಿನ್‌ಗಳಲ್ಲಿ ಒಂದು ಒಣಗಿ ಬಿಗಿದುಕೊಂಡಿತ್ತು. ಹೀಗಾಗಿ ಒಳಗಿನ ಪ್ಯಾಡೇ ಹೆಚ್ಚು ಕೆಲಸ ಮಾಡಿ, ಹೊರಗಿನದ್ದಕ್ಕಿಂತ ಹೆಚ್ಚು ಸವೆದಿತ್ತು.

ಸಡಿಲವಾದ ಪ್ಯಾಡ್ ಮತ್ತು ಇಲ್ಲದ ಶಿಮ್ ಸದ್ದಿಗೆ ಕಾರಣ. ಅವು ಕಿವಿಗೆ ಮಾತ್ರ ತೊಂದರೆ. ಆದರೆ ಬಿಗಿದ ಪಿನ್ ಹಾಗಲ್ಲ. ಅದು ಹಾಗೆಯೇ ಇದ್ದಿದ್ದರೆ ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಾ, ಘಾಟಿ ಇಳಿಯುವಾಗ ವಿಪರೀತ ಕಾಯಬಹುದಿತ್ತು. ಅತಿಯಾಗಿ ಕಾದ ಪ್ಯಾಡಿನ ಘರ್ಷಣಾಂಕ ಇಳಿಯುತ್ತದೆ, ಎಷ್ಟು ಒತ್ತಿದರೂ ಕಾರು ನಿಲ್ಲುವುದಿಲ್ಲ. ಎಣ್ಣೆ ಬಿಟ್ಟಿದ್ದರಂತೂ ಸದ್ದೂ ಹೋಗುತ್ತಿತ್ತು, ಬ್ರೇಕೂ ಹೋಗುತ್ತಿತ್ತು. ಘರ್ಷಣೆ ಬೇಕಾದ ಜಾಗಕ್ಕೇ ಎಣ್ಣೆ ಹಾಕಿದರೆ ಕಾರು ನಿಲ್ಲುವುದಾದರೂ ಯಾವುದರಿಂದ? ಎಣ್ಣೆ ಹೀರಿದ ಪ್ಯಾಡನ್ನು ತೊಳೆದು ಸರಿಮಾಡಲೂ ಆಗುವುದಿಲ್ಲ, ಬಿಸಾಡಲೇಬೇಕು.

ಮಾಮ ಪಿನ್ ಹೊರತೆಗೆದು ಒರೆಸಿ, ಶಾಖ ತಡೆಯುವ ಬ್ರೇಕ್ ಗ್ರೀಸ್ ಹಚ್ಚಿ, ಎರಡೂ ಬದಿಗೆ ಹೊಸ ಪ್ಯಾಡ್, ಶಿಮ್, ಕ್ಲಿಪ್ ಹಾಕಿದರು. ಸಾಮಾನ್ಯ ಗ್ರೀಸ್ ಹಚ್ಚಿದರೆ ಪಿನ್ನಿನ ರಬ್ಬರ್ ಬೂಟು ಉಬ್ಬಿ ಹಾಳಾಗುತ್ತದಂತೆ. ಗಾಳಿ ಹೊಡೆದು ಧೂಳು ಹಾರಿಸಲು ಅವರು ಹುಡುಗರಿಗೆ ಬಿಡುವುದಿಲ್ಲ, ಬ್ರೇಕ್ ಕ್ಲೀನರ್ ಸಿಂಪಡಿಸಿ ಬಟ್ಟೆಯಿಂದ ಒರೆಸಿಸುತ್ತಾರೆ. ಆಸ್ಬೆಸ್ಟಾಸ್ ಇರಲಿ ಬಿಡಲಿ, ಆ ಧೂಳು ಎದೆಯೊಳಗೆ ಹೋಗಬಾರದು. ಗ್ಯಾರೇಜಿನಲ್ಲಿ ದುಡಿಯುವ ನಮ್ಮದೇ ವಯಸ್ಸಿನ ಹುಡುಗರಿಗೆ ಈ ಮಾತು ತಲುಪಬೇಕು.

ಸದ್ದು ಬಂದರೆ ಗಮನಿಸಬೇಕಾದದ್ದು

1. ಮಳೆಯಲ್ಲಿ ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಮೊದಲ ನಾಲ್ಕೈದು ಬ್ರೇಕಿಗೆ ಮಾತ್ರ ಸದ್ದು ಮಾಡಿದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು. ತಾನಾಗಿ ಹೋಗುತ್ತದೆ.

2. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆಯ ಲೇಪ ಇರಬಹುದು. ಜೋಡಿಸುವ ಮುಂಚೆ ಅದನ್ನು ಕ್ಲೀನರ್‌ನಿಂದ ಪೂರ್ತಿ ತೆಗೆಯಬೇಕು.

3. ಹೊಸ ಪ್ಯಾಡನ್ನು ‘ಪಳಗಿಸಬೇಕು’. ಖಾಲಿ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ವೇಗದಿಂದ 15ಕ್ಕೆ ಹದವಾಗಿ ಇಳಿಸಿ, ಮತ್ತೆ ವೇಗ ಹೆಚ್ಚಿಸಿ, ನಡುವೆ ತಣಿಯಲು ಸಮಯ ಕೊಟ್ಟು, ಎಂಟು ಹತ್ತು ಸಲ ಹೀಗೆ ಮಾಡಬೇಕು. ಆಗ ಪ್ಯಾಡಿನ ವಸ್ತುವಿನ ತೆಳು ಪದರ ಡಿಸ್ಕಿನ ಮೇಲೆ ಸಮವಾಗಿ ಕೂರುತ್ತದೆ. ಬಿಸಿ ಇರುವಾಗ ಪೆಡಲ್ ಒತ್ತಿ ಹಿಡಿದು ನಿಲ್ಲಿಸಬಾರದು. ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಇದನ್ನು ಮಾಡಬೇಕಾದವರು ಲೈಸೆನ್ಸ್ ಇರುವ ಹಿರಿಯರು, ನಾವಲ್ಲ.

4. ಗ್ರೀಸ್ ಪಿನ್‌ಗೆ ಮತ್ತು ಪ್ಯಾಡಿನ ಬೆನ್ನಿಗೆ ಮಾತ್ರ. ಡಿಸ್ಕಿಗೆ ಉಜ್ಜುವ ಮೈಗೆ ಎಂದೆಂದಿಗೂ ಇಲ್ಲ.

5. ಕೆಲವು ಪ್ಯಾಡ್‌ಗಳಲ್ಲಿ ಒಂದು ಚಿಕ್ಕ ಲೋಹದ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ, ಬದಲಾಯಿಸಿ ಎಂದು ಬೇಕೆಂದೇ ಕಿರುಚುತ್ತದೆ. ಹೊಸ ಪ್ಯಾಡಿನಲ್ಲೇ ಅದು ತಾಗುತ್ತಿದ್ದರೆ ಬಾಗಿದೆ ಅಥವಾ ತಪ್ಪಾಗಿ ಕೂರಿಸಿದ್ದಾರೆ ಎಂದರ್ಥ.

6. ಪ್ಯಾಡ್ ಬದಲಾಯಿಸಿದ ಮೇಲೆ ಕಾರು ಹೊರಡಿಸುವ ಮುಂಚೆ ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಲೇಬೇಕು. ಇಲ್ಲದಿದ್ದರೆ ಮೊದಲ ಬ್ರೇಕ್ ಹಿಡಿಯದೇ ಹೋಗಬಹುದು.

ಇವನ್ನೆಲ್ಲ ಮೀರಿ ಕೆಲವು ಲಕ್ಷಣಗಳಿವೆ: ಕಿರುಚಾಟದ ಬದಲು ಕರಕರ ಎಂದು ಅರೆಯುವ ಸದ್ದು, ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯುವುದು, ಪೆಡಲ್ ಮೆತ್ತಗಾಗುವುದು, ಸುಟ್ಟ ವಾಸನೆ, ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗುವುದು. ಇವುಗಳಲ್ಲಿ ಯಾವುದು ಕಂಡರೂ ‘ಸರಿಹೋಗುತ್ತದೆ’ ಎಂದು ಕಾಯಬಾರದು. ಕಾರನ್ನು ಬದಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಬೇಕು. ಮನೆಯಲ್ಲಿ ಕಾರು ಓಡಿಸುವ ಹಿರಿಯರಿಗೆ ಇಷ್ಟು ಹೇಳಿದರೆ ನಮ್ಮ ಓದು ಸಾರ್ಥಕ.

ಯೋಚಿಸಿ ಉತ್ತರಿಸಿ

ಅ) 1,200 ಕಿಲೋಗ್ರಾಂ ತೂಕದ ಕಾರು ಒಂದೇ ವೇಗದಲ್ಲಿ 100 ಮೀಟರ್ ಎತ್ತರದಿಂದ ಕೆಳಗಿಳಿಯುತ್ತದೆ. ಬ್ರೇಕಿನಿಂದ ಮಾತ್ರ ವೇಗ ತಡೆದರೆ ಎಷ್ಟು ಉಷ್ಣ ಹುಟ್ಟುತ್ತದೆ? ಘಾಟಿಯಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ ಎಂದು ಹೇಳುವುದೇಕೆ?

ಆ) ಬ್ರೇಕಿನ ಕಿರುಚಾಟ ಹೆಚ್ಚಾಗಿ ಕಾರು ಇನ್ನೇನು ನಿಲ್ಲುತ್ತದೆ ಎನ್ನುವಾಗ ಕೇಳಿಸುತ್ತದೆ. ಸ್ಥಾಯಿ ಮತ್ತು ಚಲನ ಘರ್ಷಣೆಯ ವ್ಯತ್ಯಾಸದಿಂದ ಇದನ್ನು ವಿವರಿಸಿ.

ಇ) ಸೀಮೆಸುಣ್ಣವನ್ನು ಅರ್ಧಕ್ಕೆ ಮುರಿದು ಬರೆದರೆ ಕಿರುಚಾಟ ಬದಲಾಗುತ್ತದೆಯೇ? ಮಾಡಿ ನೋಡಿ, ಕಾರಣ ಬರೆಯಿರಿ.

ಉತ್ತರಗಳನ್ನು ಭೌತಶಾಸ್ತ್ರ ಪ್ರಯೋಗಾಲಯದ ಮೇಜಿನ ಮೇಲಿಡಿ. ಸರಿಯುತ್ತರಗಳನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.