ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ದುಡ್ಡು ಹೋಯಿತೇ?

ಪ್ರಶ್ನೆ: ನಾನು ಪುಟ್ಟೇನಹಳ್ಳಿಯವಳು, ನಿವೃತ್ತ ಶಿಕ್ಷಕಿ. ಪಕ್ಕದ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಹುಡುಗನಿಗೆ ಮೂರು ಲಕ್ಷ ಕೈಸಾಲ ಕೊಟ್ಟಿದ್ದೆ. ಚೆಕ್ಕಿನಲ್ಲೇ ಕೊಟ್ಟಿದ್ದು, ಪ್ರೋನೋಟೂ ಇದೆ. ಎರಡು ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿತು, ಕೋರ್ಟು ಅವನನ್ನು ದಿವಾಳಿ ಎಂದು ಘೋಷಿಸಿತು. “ನಿಮ್ಮದು ಮನೆ ದುಡ್ಡು ಆಂಟಿ, ಕೇಸು ಮುಗಿದ ಮೇಲೆ ನಾನೇ ತಂದುಕೊಡ್ತೀನಿ, ಕೋರ್ಟಿಗೆ ಅಲೀಬೇಡಿ” ಅಂದ. ನಂಬಿ ಸುಮ್ಮನಿದ್ದೆ. ಈಗ ಸಾಲ ಕೊಟ್ಟ ಉಳಿದವರಿಗೆ ಒಂದು ಕಂತು ಹಂಚಿಯಾಗಿದೆಯಂತೆ. ನನ್ನ ಹೆಸರು ಪಟ್ಟಿಯಲ್ಲೇ ಇಲ್ಲ. ತಡವಾಯಿತೇ?

ಉತ್ತರ: ತಡವಾಗಿದೆ ಅಮ್ಮಾ, ಆದರೆ ಹಕ್ಕು ಹೋಗಿಲ್ಲ. ಅವನಿಗೆ ಡಿಸ್ಚಾರ್ಜ್ ಆದೇಶ, ಅಂದರೆ ಸಾಲಗಳಿಂದ ಬಿಡುಗಡೆ ಮಾಡುವ ಕೋರ್ಟಿನ ಆದೇಶ, ಸಿಕ್ಕಿದೆಯೇ ಎಂಬುದನ್ನು ಮೊದಲು ವಿಚಾರಿಸಿ. ಎಲ್ಲವೂ ಅದರ ಮೇಲೆ ನಿಂತಿದೆ.

2016ರ ದಿವಾಳಿ ಸಂಹಿತೆಯ ಹೆಸರು ನೀವು ಕೇಳಿರಬಹುದು. ವ್ಯಕ್ತಿಗಳ ಮಟ್ಟಿಗೆ ಅದು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ. ನಿಮ್ಮ ಹುಡುಗನಂಥ ಅಂಗಡಿಯವರ ಅರ್ಜಿ ನಡೆಯುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ. ಅದರ 33ನೇ ಕಲಮಿನ ಪ್ರಕಾರ, ಡಿಸ್ಚಾರ್ಜ್ ಆಗುವ ಮುಂಚೆ ಯಾವಾಗ ಬೇಕಾದರೂ ಸಾಲದ ಪುರಾವೆ ಕೊಟ್ಟು, ಪಟ್ಟಿಗೆ ಹೆಸರು ಸೇರಿಸಿ ಎಂದು ಕೋರ್ಟನ್ನು ಕೇಳಬಹುದು. ಅವನ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದ ರಿಸೀವರ್‌ಗೂ ಸಾಲ ಕೊಟ್ಟ ಉಳಿದವರಿಗೂ ನೋಟಿಸು ಹೋಗುತ್ತದೆ, ತಕರಾರಿದ್ದರೆ ಕೇಳಿ ಕೋರ್ಟು ತೀರ್ಮಾನಿಸುತ್ತದೆ. ಅಮೆರಿಕದಲ್ಲಾದರೆ, ಸಾಲವನ್ನು ಕಂತಿನಲ್ಲಿ ತೀರಿಸುವ ದಿವಾಳಿ ಅರ್ಜಿ ಬಿದ್ದ 70 ದಿನಗಳೊಳಗೆ ಸಾಮಾನ್ಯ ಸಾಲಿಗರು ಕ್ಲೇಮು ಹಾಕಬೇಕು. ನಮ್ಮ ಹಳೆಯ ಕಾಯ್ದೆ ಈ ವಿಷಯದಲ್ಲಿ ದಯೆಯದು.

ಹಂಚಿಹೋದ ಕಂತಿನ ಗತಿ? ಅದನ್ನು ಯಾರಿಂದಲೂ ವಾಪಸು ಕೇಳಲಾಗದು. ಆದರೆ 63ನೇ ಕಲಮಿನಲ್ಲಿ ನಿಮಗೊಂದು ಆಸರೆ ಇದೆ. ಇತರರಿಗೆ ನೂರಕ್ಕೆ ಹದಿನೈದರಂತೆ ಸಿಕ್ಕಿದೆ ಎನ್ನಿ. ರಿಸೀವರ್ ಕೈಯಲ್ಲಿ ಹಣ ಉಳಿದಿದ್ದರೆ, ಮುಂದಿನ ಕಂತಿಗೆ ಮುಂಚೆ ನಿಮ್ಮ ಆ ಹದಿನೈದನ್ನು ಮೊದಲು ತುಂಬಿಕೊಡಬೇಕು. ಹಣ ಉಳಿದಿಲ್ಲದಿದ್ದರೆ ಏನೂ ಸಿಗದು. ತಡಮಾಡಿದಷ್ಟೂ ನಷ್ಟ ನಿಮ್ಮದೇ ಎನ್ನುವುದು ಇದಕ್ಕೇ.

ಇನ್ನು ಅವನ ಮಾತು. ಅವನು ಕೆಟ್ಟವನೆಂದು ನಾನು ಹೇಳಲಾರೆ, ಮನಸಾರೆ ಹೇಳಿರಲೂಬಹುದು. ಆದರೆ ಘೋಷಣೆಯಾದ ದಿನದಿಂದ ಅವನ ಆಸ್ತಿ ಅವನ ಕೈಯಲ್ಲಿಲ್ಲ, ಅದರಿಂದ ನಿಮಗೊಬ್ಬರಿಗೆ ಗುಟ್ಟಾಗಿ ಕೊಡುವ ಅಧಿಕಾರವೂ ಅವನಿಗಿಲ್ಲ. ನೀವೂ ಕೋರ್ಟಿನ ಅನುಮತಿಯಿಲ್ಲದೆ ಬೇರೆ ದಾವೆ ಹೂಡುವಂತಿಲ್ಲ. ಡಿಸ್ಚಾರ್ಜ್ ಸಿಕ್ಕಿತೆಂದರೆ, ಮೋಸದಿಂದ ಮಾಡಿದ್ದು, ಸರ್ಕಾರಕ್ಕೆ ಕೊಡಬೇಕಾದ್ದು ಇಂಥ ಕೆಲವನ್ನು ಬಿಟ್ಟು ಅವನ ಸಾಲಗಳೆಲ್ಲ ತೀರಿದಂತೆಯೇ. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ನಿಮ್ಮದು ಉಳಿದುಕೊಳ್ಳುವುದಿಲ್ಲ.

ಅರ್ಜಿ ಹಾಕಿದರೆ ಹುಡುಗನಿಗೆ ದ್ರೋಹ ಬಗೆದಂತಾಗುತ್ತದೆ ಎಂಬ ಅಳುಕು ನಿಮ್ಮ ಕಾಗದದಲ್ಲಿ ಕಾಣುತ್ತದೆ. ಬೇಡ ಅಮ್ಮಾ. ಹಂಚುವುದು ಇರುವ ಹಣವನ್ನೇ. ನೀವು ಸೇರಿದರೆ ಅವನ ಹೊರೆ ಹೆಚ್ಚುವುದಿಲ್ಲ, ಉಳಿದವರ ಪಾಲು ತುಸು ಇಳಿಯುತ್ತದೆ, ಅಷ್ಟೆ. ತನಗೆ ತಿಳಿದ ಎಲ್ಲ ಸಾಲಿಗರ ಹೆಸರನ್ನೂ ಅರ್ಜಿಯಲ್ಲಿ ಬರೆಯಬೇಕಾದದ್ದು ಅವನದೇ ಕರ್ತವ್ಯವಾಗಿತ್ತು. ಅದನ್ನು ಅವನಿಗೆ ನೇರವಾಗಿ ಹೇಳಿ, ನಿಷ್ಠುರ ಬೇಡ.

ಪ್ರೋನೋಟು, ಚೆಕ್ಕು ಕೊಟ್ಟ ತಿಂಗಳ ಪಾಸ್‌ಬುಕ್ಕಿನ ಪುಟ, ಸಾಲದ ಬಗ್ಗೆ ಅವನು ಕಳಿಸಿದ ವಾಟ್ಸಾಪ್ ಸಂದೇಶ ಎಲ್ಲ ಒಟ್ಟುಗೂಡಿಸಿ. ಸಾಲ ಕೊಟ್ಟ ಮೂರು ವರ್ಷದೊಳಗೇ ಘೋಷಣೆ ಆಗಿರುವುದರಿಂದ ವಾಯಿದೆ ಮೀರಿತೆಂಬ ತಕರಾರು ನಿಲ್ಲಲಾರದು. ಸಾಲವನ್ನು ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. ಅದಕ್ಕೆ ವಕೀಲರು ಬೇಕು, ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. 15100ಕ್ಕೆ ಫೋನ್ ಮಾಡಿ, ಕೇಸಿನ ನಂಬರು ಹೇಳಿ, ಈ ವಾರವೇ.