ಕಣ ಖಾಲಿಯಾದ ಮೇಲೆ ಬಿಚ್ಚುವ ಕಾರು

ನಮ್ಮ ತೋಟದಲ್ಲಿ ಸಮತಟ್ಟಾದ ಜಾಗ ಅಂತ ಇರುವುದು ಒಂದೇ, ಕಾಫಿ ಒಣಗಿಸುವ ಕಣ. ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರರ ಮನೆಗಳೆಲ್ಲ ಹೆಚ್ಚುಕಮ್ಮಿ ಹೀಗೇ. ಮನೆ ಒಂದು ಏರಿನಲ್ಲಿ, ಕೊಟ್ಟಿಗೆ ಇನ್ನೊಂದು ಇಳುಕಲಿನಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಮನೆ ಮತ್ತೊಂದು ಕಡೆ. ಕಾರಿಗೆ ಜಾಕ್ ಕೊಟ್ಟು ಅಡಿಗೆ ನುಸುಳಬೇಕೆಂದರೆ ಸಿಮೆಂಟಿನ ಕಣವೇ ಗತಿ. ನವೆಂಬರಿನಿಂದ ಮಾರ್ಚ್ ತನಕ ಅದರ ಮೇಲೆ ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಮಳೆ, ಪಾಚಿ. ಕಾರು ಬಿಚ್ಚಲು ನನಗೆ ಸಿಗುವುದು ಏಪ್ರಿಲ್, ಮೇ, ಮತ್ತೆ ಮಳೆ ಬಿಟ್ಟರೆ ಅಕ್ಟೋಬರ್. ಕಾಫಿ ಮಾರಿದ ದುಡ್ಡು ಕೈಗೆ ಬರುವುದೂ ಮಾರ್ಚ್-ಏಪ್ರಿಲ್ ಹೊತ್ತಿಗೇ. ಈ ಎರಡೂ ಒಂದೇ ಕ್ಯಾಲೆಂಡರು ಎಂದು ಹೊಳೆಯುವಷ್ಟರಲ್ಲಿ ಕೈಯಿಂದ ಲಕ್ಷದ ಮೇಲೆ ಜಾರಿತ್ತು.

ಕಾರು 2001ರ ಹೋಂಡಾ ಸಿಟಿ, 1.5 ವಿಟೆಕ್. ಸ್ಪೋರ್ಟ್ಸ್ ಕಾರೆಂದರೆ ಎರಡೇ ಬಾಗಿಲಿರಬೇಕು ಎನ್ನುವವರು ಇಲ್ಲೇ ಪುಟ ತಿರುಗಿಸಬಹುದು. ನಮ್ಮ ಬೆಟ್ಟಗಳಲ್ಲಿ ನಾವು ಸ್ಪೋರ್ಟ್ಸ್ ಕಾರೆಂದು ಕರೆದದ್ದು ಇಂಥವನ್ನೇ. ಸಿಟಿ ಭಾರತಕ್ಕೆ ಬಂದದ್ದು 1998ರಲ್ಲಿ, ವಿಟೆಕ್ ಬಂದದ್ದು 2000ದಲ್ಲಿ. ಸುಮಾರು ಒಂದು ಟನ್ ತೂಕದ ಗಾಡಿಗೆ 106 ಅಶ್ವಶಕ್ತಿ. ಎಂಜಿನ್ ವೇಗ ಏರಿದಂತೆ ವಾಲ್ವ್ ತೆರೆಯುವ ಕ್ರಮವೇ ಬದಲಾಗಿ, ಏರಿನಲ್ಲಿ ಹಿಂದಿನಿಂದ ಯಾರೋ ತಳ್ಳಿದ ಹಾಗೆ ಹೋಗುತ್ತದೆ. 2003ರಲ್ಲಿ ಅದು ನಿಂತು, ಅದರ ಜಾಗಕ್ಕೆ ಮೊದಲು ಬಂದ ಹೊಸ ಸಿಟಿಗೆ ಇದ್ದದ್ದು 77 ಅಶ್ವಶಕ್ತಿ. ಹಳೇ ವಿಟೆಕ್ಕಿಗೆ ಇವತ್ತಿಗೂ ಗಿರಾಕಿ ಇರುವುದು ಅದಕ್ಕೇ.

ಅದು ಹೊಸದಾಗಿ ಬಂದಾಗ ನಮ್ಮಲ್ಲಿ ಕೊಳ್ಳುವ ಸ್ಥಿತಿ ಇರಲಿಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದಾಗ ಇಲ್ಲಿ ಬೆಲೆ ಹಾರಿತು, ಮನೆಮನೆಗೆ ಎಸ್ಟೀಮ್, ಜಿಪ್ಸಿ ಬಂದವು. 2001ರ ಹೊತ್ತಿಗೆ ಅದೇ ಬೆಲೆ ಪಾತಾಳ ಕಂಡಿತ್ತು, ಅದೇ ಎಸ್ಟೀಮ್‌ಗಳು ಒಂದೊಂದಾಗಿ ಮಾರಾಟವಾದವು. ನಾನು ಆಗ ತೋಟದ ಬೇಲಿ ಪಕ್ಕ ನಿಂತು ರ್‍ಯಾಲಿ ನೋಡುವ ಹುಡುಗ. ಚಿಕ್ಕಮಗಳೂರಿನ ತೋಟದ ಮಣ್ಣುರಸ್ತೆಗಳಲ್ಲಿ ರ್‍ಯಾಲಿಯ ಹುಚ್ಚು ಹಳೆಯದು. ಎಸ್ಟೀಮ್, ಬೆಲೆನೊ, ವಿಟೆಕ್, ಆಮೇಲೆ ಮಿತ್ಸುಬಿಷಿ ಸೀಡಿಯಾ. ಮುಂದೆ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತೇ ಇಲ್ಲಿಗೆ ಬಂತು, ಗೌರವ್ ಗಿಲ್ ಸ್ಕೋಡಾ ಫೇಬಿಯಾದಲ್ಲಿ ದೂಳೆಬ್ಬಿಸಿದರು. ನಾನು ಮಾತ್ರ ವಿಟೆಕ್ಕಿನ ಸದ್ದಿಗೇ ಕಟ್ಟುಬಿದ್ದವನು.

2013ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಸಿಕ್ಕಿತು. 1,35,000 ರೂಪಾಯಿ, ಓಡಿದ್ದು 92,000 ಕಿಲೋಮೀಟರ್. ಮಾರಿದವರು ಪ್ರಾಮಾಣಿಕರು. "ಟೈಮಿಂಗ್ ಬೆಲ್ಟ್ ಲಕ್ಷಕ್ಕೆ ಬದಲಾಯಿಸ್ಬೇಕು ಸರ್, ಇನ್ನೂ ಎಂಟು ಸಾವಿರ ಇದೆ" ಅಂದರು. ನಾನೂ ಕಿಲೋಮೀಟರ್ ಎಣಿಸಿದೆ. ರಬ್ಬರಿಗೆ ವಯಸ್ಸೂ ಆಗುತ್ತದೆ, ಆ ಬೆಲ್ಟಿಗೆ ಹನ್ನೆರಡು ವರ್ಷ ತುಂಬಿದೆ ಅನ್ನುವುದು ತಲೆಗೆ ಬರಲಿಲ್ಲ.

ತಲೆಯಲ್ಲಿ ಇದ್ದದ್ದು ಬೇರೆ. ಆಗಸ್ಟ್‌ನಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಅಗಲವಾದ ಅಲಾಯ್ ಚಕ್ರ, ಟೈರು: 48,000. ಅಕ್ಟೋಬರ್‌ನಲ್ಲಿ ಫ್ರೀ ಫ್ಲೋ ಸೈಲೆನ್ಸರ್: 16,000. ಗಾಡಿ ತಗ್ಗಿಸುವ ಸ್ಪ್ರಿಂಗ್, ಹೊಸ ಸ್ಟೀರಿಂಗ್, ಏರ್ ಫಿಲ್ಟರ್ ಎಲ್ಲ ಸೇರಿ ಇನ್ನೊಂದು 27,500. ಸೈಲೆನ್ಸರ್ ಹಾಕಿದ ದಿನ ಅಪ್ಪ ಜಗಲಿಯಿಂದಲೇ ಹೇಳಿದರು: "ಪಲ್ಪರ್ ಓಡ್ದಂಗೆ ಕೂಗ್ತದಲ್ಲೋ ಮಾರಾಯ. ಪಲ್ಪರ್ ಕೂಗಿದ್ರೆ ಕಾಫಿನಾದ್ರೂ ಬರ್ತದೆ."

ಡಿಸೆಂಬರ್‌ನಲ್ಲಿ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ಇನ್ನೇನು ಬಂತು ಅನ್ನುವಾಗ ಎಂಜಿನ್ ಸದ್ದಿಲ್ಲದೆ ನಿಂತಿತು. ಬೆಲ್ಟ್ ತುಂಡಾಗಿತ್ತು. ಈ ಎಂಜಿನ್ನಿನಲ್ಲಿ ಬೆಲ್ಟ್ ಹೋದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದೇ ಉಳಿದ ವಾಲ್ವ್‌ಗಳಿಗೆ ಅದು ಹೋಗಿ ಗುದ್ದುತ್ತದೆ. ಜೀಪಿಗೆ ಹಗ್ಗ ಕಟ್ಟಿ ಎಳೆದು ತಂದೆವು. ಬೆಲ್ಟ್, ಟೆನ್ಷನರ್, ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಎಲ್ಲ ಮೊದಲೇ ಬದಲಾಯಿಸಿದ್ದರೆ 6,500 ಆಗುತ್ತಿತ್ತು. ಹೆಡ್ ಬಿಚ್ಚಿ, ವಾಲ್ವ್ ಹಾಕಿ, ಲೇತಿಗೆ ಕಳಿಸಿ ಆದದ್ದು 46,000. ಅದೂ ತಕ್ಷಣ ಅಲ್ಲ. ಕಣದ ತುಂಬ ಅರೇಬಿಕಾ, ಕೈಯಲ್ಲಿ ದುಡ್ಡಿಲ್ಲ, ಕುಯ್ಲಿನ ಬಟವಾಡೆ ವಾರವಾರವೂ ಆಗಲೇಬೇಕು. ಕಾರು ಏಪ್ರಿಲ್ ತನಕ ಸಿಲ್ವರ್ ಓಕಿನ ಕೆಳಗೆ ನಿಂತಿತು.

ಇನ್ನು ನಾಚಿಕೆಯ ವಿಷಯ. ಆ ಅಲಾಯ್ ಚಕ್ರಗಳನ್ನು ಕೊಂಡದ್ದು ಕ್ರೆಡಿಟ್ ಕಾರ್ಡಿನಲ್ಲಿ. ಮಾರ್ಚ್‌ನಲ್ಲಿ ಕಾಫಿ ದುಡ್ಡು ಬಂದರೆ ತೀರಿಸೋಣ ಅಂದುಕೊಂಡು ಪ್ರತಿ ತಿಂಗಳೂ ಕನಿಷ್ಠ ಕಂತನ್ನಷ್ಟೇ ಕಟ್ಟಿದೆ. ತಿಂಗಳಿಗೆ ಶೇ 3.5ರಂತೆ ಬಡ್ಡಿ. ಸಂಬಳದವರಿಗೆ ತಿಂಗಳ ಕೊನೆ ಅಂತ ಒಂದಿದೆ. ಬೆಳೆಗಾರನಿಗೆ ವರ್ಷದ ಕೊನೆ ಮಾತ್ರ ಇದೆ. ವರ್ಷಕ್ಕೊಮ್ಮೆ ಗಳಿಸುವವನು ತಿಂಗಳ ಬಡ್ಡಿಗೆ ಕೈಯೊಡ್ಡಬಾರದು. ಬಡ್ಡಿಯೇ 10,000 ದಾಟಿತು. ಮುಂದೆ ಆ ಚಕ್ರಗಳನ್ನು ಮಾರಿದಾಗ ಬಂದದ್ದು 15,000. ನಮ್ಮ ತೋಟದ ರಸ್ತೆಯ ಕಲ್ಲಿಗೆ ತಾಗಿ ಎರಡು ಚಕ್ರ ಅಷ್ಟರಲ್ಲಿ ಬಳುಕಿದ್ದವು.

ಅಂದಿನಿಂದ ಪ್ರತಿ ರೂಪಾಯಿಯನ್ನೂ ಹಳೇ ಚೆಕ್‌ರೋಲ್ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಬರೆಯುತ್ತ ಬಂದೆ. ಮುಂದಿನದ್ದು ಅಪ್ಪನ ಆಳುಲೆಕ್ಕ, ಹಿಂದಿನದ್ದು ನನ್ನ ಕಾರುಲೆಕ್ಕ. ಹನ್ನೆರಡು ವರ್ಷಕ್ಕೆ, ಕಾರು ಕೊಂಡ ಬೆಲೆ, ಪೆಟ್ರೋಲ್ ಮತ್ತು ವಿಮೆ ಬಿಟ್ಟು, 4,30,000 ರೂಪಾಯಿ. ತಿಂಗಳಿಗೆ ಸುಮಾರು 3,000. ಮೇಲಿನ ಬಡ್ಡಿ ಇದರಲ್ಲಿ ಸೇರಿಲ್ಲ, ಆಗ ಅದನ್ನು ಬರೆಯುವಷ್ಟು ಧೈರ್ಯ ಇರಲಿಲ್ಲ. ಇದರಲ್ಲಿ 91,500 ಆ ಮೊದಲ ವರ್ಷದ 'ಸುಧಾರಣೆ'. ತುಕ್ಕು ಮತ್ತು ಬಣ್ಣಕ್ಕೆ 55,000. ಹನ್ನೆರಡು ವರ್ಷದ ಆಯಿಲ್, ಫಿಲ್ಟರ್ ಪೂರ್ತಿ ಸೇರಿದರೂ 54,000. ಅಂದರೆ ಗಾಡಿಯನ್ನು ಜೀವಂತ ಇಟ್ಟ ಎಣ್ಣೆಗಿಂತ ಅದನ್ನು ಕೂಗಿಸಲು, ತಗ್ಗಿಸಲು ಕೊಟ್ಟದ್ದೇ ಹೆಚ್ಚು.

ಒಮ್ಮೆ ರ್‍ಯಾಲಿಯ ಸರ್ವಿಸ್ ಪಾರ್ಕಿನಲ್ಲಿ ಹಗ್ಗದ ಈಚೆ ನಿಂತು ನೋಡುತ್ತಿದ್ದೆ. ಕಾರು ಬಂದ ಕೂಡಲೇ ಹುಡುಗರು ಮುಗಿಬಿದ್ದದ್ದು ಚಕ್ರ, ಬ್ರೇಕ್, ಸಸ್ಪೆನ್ಷನ್ ಬುಷ್, ನಟ್ಟು ಬಿಗಿ. ಸದ್ದಿನ ತಂಟೆಗೆ ಯಾರೂ ಹೋಗಲಿಲ್ಲ. ಆ ವರ್ಷ ನಾನೂ ಶಾಕ್ ಅಬ್ಸಾರ್ಬರ್, ಬುಷ್‌ಗಳಿಗೆ 38,000 ಸುರಿದೆ. ಮೂಲ ಅಳತೆಯವೇ, ತಗ್ಗಿಸುವಂಥವಲ್ಲ. ಕಾರು ನಿಜವಾಗಿ ಸುಧಾರಿಸಿದ್ದು ಆವತ್ತು. ಕಳಸದಿಂದ ಕುದುರೆಮುಖದ ಕಡೆ ಹೋಗುವ ತಿರುವುಗಳಲ್ಲಿ ಅದು ನೆಲ ಕಚ್ಚಿ ಹೋಗುವ ಪರಿ ನೋಡಿದರೆ ಆ ದುಡ್ಡಿನ ಬಗ್ಗೆ ನನಗೆ ಇವತ್ತಿಗೂ ಒಂದು ಗುಲಗಂಜಿಯಷ್ಟೂ ಬೇಸರವಿಲ್ಲ.

ಮನೆಯಲ್ಲೇ ರಿಪೇರಿ ಮಾಡಿದರೆ ಉಳಿಯುವುದೆಷ್ಟು ಅಂತ ಬಹಳ ಜನ ಕೇಳುತ್ತಾರೆ. ಕೂಲಿಯಲ್ಲಿ ಉಳಿಯುವುದು ಕಡಿಮೆ. ನಮ್ಮೂರ ಗ್ಯಾರೇಜಿನ ಕೂಲಿ ದೊಡ್ಡದೇನಲ್ಲ, ಟೂಲ್ಸಿಗೇ ನನಗೆ 21,000 ಬಿದ್ದಿದೆ, ಅದರಲ್ಲಿ ಕಾರನ್ನು ಹೊತ್ತು ನಿಲ್ಲುವ ನಾಲ್ಕು ಸ್ಟ್ಯಾಂಡ್ ಸೇರಿ. ಬರೀ ಜಾಕ್ ನಂಬಿ ಕಾರಿನ ಅಡಿಗೆ ಹೋಗಬೇಡಿ, ಇದು ಲೆಕ್ಕಾಚಾರದ ಮಾತಲ್ಲ, ಜೀವದ ಮಾತು. ಉಳಿತಾಯ ಇರುವುದು ಬೇರೆ ಕಡೆ. ಕೈಯಾರೆ ಬಿಚ್ಚಿದವನಿಗೆ ಯಾವುದು ಸವೆದಿದೆ, ಯಾವುದು ಇನ್ನೊಂದು ವರ್ಷ ಓಡುತ್ತದೆ ಅನ್ನುವುದು ಗೊತ್ತಿರುತ್ತದೆ. ಅಂದಾಜಿನ ಮೇಲೆ ಹೊಸ ಭಾಗ ಹಾಕಿಸುವುದು ತಪ್ಪುತ್ತದೆ. ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಫೋನ್ ಮಾಡಿ, ಹಳೆಯದರ ಫೋಟೊ ಕಳಿಸಿ, ಬಸ್ಸಿನಲ್ಲಿ ಪಾರ್ಸೆಲ್ ತರಿಸುತ್ತೇನೆ. ಆಯಿಲ್, ಪ್ಲಗ್, ಕೂಲೆಂಟ್, ಬ್ರೇಕ್ ಪ್ಯಾಡ್ ನನ್ನ ಕೆಲಸ. ಟೈಮಿಂಗ್ ಬೆಲ್ಟ್, ಸ್ಪ್ರಿಂಗ್, ಎ.ಸಿ. ಗ್ಯಾಸ್ ಗ್ಯಾರೇಜಿನದ್ದು.

ಬ್ರೇಕ್ ಆಯಿಲ್ ಬದಲಾವಣೆ ಮಾತ್ರ ದಂಪತಿಗಳ ಕೆಲಸ. ನಾನು ಚಕ್ರದ ಪಕ್ಕ ಸ್ಪ್ಯಾನರ್ ಹಿಡಿದು, ಹೆಂಡತಿ ಪೆಡಲ್ ಮೇಲೆ ಕಾಲಿಟ್ಟು. "ತುಳಿ... ಹಿಡ್ಕೋ... ಈಗ ಬಿಡು." ಮೂರನೇ ಚಕ್ರಕ್ಕೆ ಬರುವಾಗ "ಇನ್ನೆಷ್ಟು ಸಲ ತುಳೀಬೇಕು ಮಾರಾಯ್ರೆ?" ಅನ್ನುತ್ತಾಳೆ. ಎರಡು ವರ್ಷಕ್ಕೊಮ್ಮೆ ಈ ಜಗಳ ಆಗಲೇಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಗಾಳಿಯಲ್ಲಿ ತೇವಕ್ಕೇನು ಬರ. ಡಾಟ್ 4 ಆಯಿಲ್ ಹೊಸತಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಚಾರ್ಮಾಡಿ ಇಳಿಯುವಾಗ ಪೆಡಲ್ ಮೆತ್ತಗಾದರೆ ಕಾರಣ ಇದೇ. ಖರ್ಚು ಸಾವಿರದೊಳಗೆ.

ಮಳೆಗಾಲದ ಬಗ್ಗೆ ಎರಡು ಮಾತು. ಟಾರ್ಪಾಲ್ ಹೊದಿಸಿದರೆ ಕಾರು ಒಣಗಿರುತ್ತದೆ ಅನ್ನುವುದು ಭ್ರಮೆ. ಒಳಗಿನ ತೇವ ಹೊರಗೆ ಹೋಗದೆ ತುಕ್ಕು ಹಿಡಿಯುತ್ತದೆ. ಮೇಲೆ ಮಾಡು, ಸುತ್ತ ಗಾಳಿ, ಅಷ್ಟೇ ಸಾಕು. ಬಾಗಿಲಿನ ಅಡಿಯ ನೀರು ಇಳಿಯುವ ತೂತುಗಳಲ್ಲಿ ತರಗು ಕೂತಿದ್ದರೆ ಕಡ್ಡಿಯಿಂದ ಬಿಡಿಸಿ. ನನ್ನ 55,000ದಲ್ಲಿ ಅರ್ಧ ಈ ಕಡ್ಡಿ ಹಾಕದ ತಪ್ಪಿಗೆ. ಪೆಟ್ರೋಲಿಗೆ ಈಗ ಶೇ 20 ಎಥೆನಾಲ್ ಬಂದಿದೆ, ಅದೂ ತೇವ ಎಳೆಯುತ್ತದೆ, ಹಳೇ ರಬ್ಬರ್ ಪೈಪುಗಳಿಗೂ ಒಗ್ಗುವುದಿಲ್ಲ. ಮಳೆಗಾಲದಲ್ಲಿ ಟ್ಯಾಂಕ್ ಖಾಲಿ ಬಿಡುವುದಿಲ್ಲ, ವಾರಕ್ಕೊಮ್ಮೆ ಓಡಿಸುತ್ತೇನೆ. ಪೆಟ್ರೋಲ್ ಪೈಪುಗಳನ್ನು ಒಮ್ಮೆ ಪೂರ್ತಿ ಬದಲಾಯಿಸಿದ್ದಾಗಿದೆ.

ಸರ್ಕಾರಿ ಲೆಕ್ಕವೂ ಇದೆ. 2021ರಲ್ಲಿ ನೋಂದಣಿ ನವೀಕರಣಕ್ಕೆ ಕಟ್ಟಿದ್ದು 600 ರೂಪಾಯಿ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿಗೆ ಅದು 5,000 ಆಯಿತು, 2025ರ ಆಗಸ್ಟ್‌ನಲ್ಲಿ ಇಪ್ಪತ್ತು ದಾಟಿದ್ದಕ್ಕೆ 10,000. ಐದು ವರ್ಷಕ್ಕೊಮ್ಮೆ ಕಟ್ಟುವುದಾದ್ದರಿಂದ ತಿಂಗಳಿಗೆ 170 ರೂಪಾಯಿಯ ಆಸುಪಾಸು. ಕೂಗಾಡುವಷ್ಟು ಅಲ್ಲ. ಭಯಪಡಬೇಕಾದದ್ದು ಕಾನೂನಿನ ಇನ್ನೊಂದು ಕಲಮಿಗೆ. ಅನುಮತಿಯಿಲ್ಲದೆ ಗಾಡಿಯ ಮೂಲ ರೂಪ ಬದಲಿಸಿದರೆ ಪ್ರತಿ ಬದಲಾವಣೆಗೆ 5,000 ದಂಡ, ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಮಾರ್ಪಾಡು ನಡೆಯದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ವಿಮೆಗೆ ಮೂರನೇ ವ್ಯಕ್ತಿಯ ಪಾಲಿಸಿ ಮಾತ್ರ ಇಟ್ಟಿದ್ದೇನೆ, 1500 ಸಿಸಿ ಒಳಗಿನದಕ್ಕೆ ಮೂಲ ಕಂತು 3,416. ಮರ ಬಿದ್ದರೆ ನಷ್ಟ ನನ್ನದೇ. ಗೊತ್ತಿದ್ದೇ ತೆಗೆದುಕೊಂಡ ತೀರ್ಮಾನ.

ಹೊಸ ಕಾರಿನ ಜೊತೆ ಹೋಲಿಸಿ ನನ್ನನ್ನು ನಾನೇ ಸಮರ್ಥಿಸಿಕೊಳ್ಳುವುದು ಸುಲಭ. ಹನ್ನೆರಡು ಲಕ್ಷದ ಕಾರಿಗೆ ವಿಮೆಯವರ ಲೆಕ್ಕದಲ್ಲೇ ಐದನೇ ವರ್ಷ ತುಂಬುವಾಗ ಅರ್ಧ ಬೆಲೆ ಹೋಗಿರುತ್ತದೆ, ಆರು ಲಕ್ಷ. ನನ್ನದಕ್ಕೆ ಹೋದ ವರ್ಷ ಒಬ್ಬರು 1,20,000 ಕೊಡುತ್ತೇನೆಂದು ಬಂದಿದ್ದರು. ಆದರೆ ಆ ಹೋಲಿಕೆ ಅರ್ಧ ಸುಳ್ಳು. ನಮ್ಮ ಮನೆಯಲ್ಲಿ ಜೀಪು ಇದೆ. ರಾತ್ರಿ ಅಪ್ಪನಿಗೆ ಎದೆ ಹಿಡಿದರೆ ಹೊರಡುವುದು ಅದರಲ್ಲಿ, ವಿಟೆಕ್ಕಿನಲ್ಲಲ್ಲ. ಇರುವುದೊಂದೇ ಗಾಡಿ ಅನ್ನುವವರು ಇಪ್ಪತ್ತು ದಾಟಿದ ಕಾರಿನ ಸಹವಾಸಕ್ಕೆ ಹೋಗಬೇಡಿ, ಎಷ್ಟೇ ಅಗ್ಗಕ್ಕೆ ಸಿಗಲಿ. ಕೊಳ್ಳಲೇಬೇಕೆಂದಿದ್ದರೆ ಕೊಟ್ಟ ಬೆಲೆಯ ಮೂರನೇ ಒಂದು ಭಾಗವನ್ನು ಮೊದಲ ವರ್ಷದ ಬೆಲ್ಟ್, ಬ್ರೇಕ್, ಟೈರು, ಪೈಪುಗಳಿಗೆ ಬೇರೆ ತೆಗೆದಿಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರಿನ ಗೀರು ಎಷ್ಟೇ ಆಳವಿರಲಿ, ಆ ಅಂಕಿಗಳನ್ನು ಓದದೆ ಕೊಳ್ಳಬೇಡಿ.

ಈ ಸಲ ಕಣ ಖಾಲಿಯಾಗಿದೆ. ಫ್ರೀ ಫ್ಲೋ ಸೈಲೆನ್ಸರ್ ಪಲ್ಪರ್ ಮನೆಯ ಅಟ್ಟದಲ್ಲಿದೆ, ಹಳೇ ಮೂಲ ಸೈಲೆನ್ಸರ್ ಗಾಡಿಯಲ್ಲಿದೆ. ಮೇ ತಿಂಗಳಲ್ಲಿ ಆರ್‌ಟಿಒಗೆ ಒಯ್ಯಬೇಕು, ಆ 10,000 ಲಕೋಟೆಯಲ್ಲಿ ಹಾಕಿಟ್ಟಾಗಿದೆ. ಹಿಂದಿನ ಎಡ ಚಕ್ರದ ಬ್ರೇಕ್ ಸಿಲಿಂಡರ್ ಒಸರುತ್ತಿದೆ. ನಾಳೆ ಬೆಳಗ್ಗೆ ಮೊದಲು ಅದು.